ಆ ‘ಅಷ್ಟೇ’ ಅನ್ನುವ ಮಾತಿಗೆ

ಮಗಳೇ,

ಮೊನ್ನೆ ಫೋನಿನಲ್ಲಿ ನೀನು ಆಡಿದ ಮಾತು ಇನ್ನೂ ನನ್ನ ತಲೆಯಲ್ಲೇ ಸುತ್ತುತ್ತಿದೆ. “ಅಮ್ಮಾ, ಪ್ರಜ್ಞೆ ಅಂದ್ರೆ ಮಿದುಳಿನ ಕೆಲಸ, ಅಷ್ಟೇ. ಅದರಲ್ಲಿ ಒಗಟೇನು ಬಂತು?” ಅಂದೆ. ಕ್ಲಾಸಿಗೆ ಹೊತ್ತಾಯ್ತು ಅಂತ ಫೋನ್ ಇಟ್ಟೂಬಿಟ್ಟೆ. ಅರ್ಧಕ್ಕೆ ನಿಂತ ವಾದ ನನಗೆ ಹಲ್ಲಿನ ಸಂದಿಯಲ್ಲಿ ಸಿಕ್ಕ ನಾರಿದ್ದ ಹಾಗೆ, ನಿನಗೆ ಗೊತ್ತಲ್ಲ. ಅದಕ್ಕೇ ಈ ಪತ್ರ.

ನಿನ್ನ ಮಾತಿನಲ್ಲಿ ‘ಮಿದುಳು’ ಅನ್ನುವುದಕ್ಕೆ ನನ್ನ ತಕರಾರಿಲ್ಲ. ತಕರಾರು ಇರುವುದು ಆ ‘ಅಷ್ಟೇ’ಗೆ.

ನನಗೆ ಪಿತ್ತಕೋಶದ ಆಪರೇಷನ್ ಆದ ದಿನ ನೀನು ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಒಳಗೆ ಏನಾಯ್ತು ಅಂತ ನಾನು ಸರಿಯಾಗಿ ಹೇಳಿಯೇ ಇಲ್ಲ. ಕೈಗೆ ಚುಚ್ಚಿದ್ದ ಸೂಜಿಯಲ್ಲಿ ಹಾಲಿನಷ್ಟು ಬೆಳ್ಳಗಿನ ಔಷಧಿ ಬಿಟ್ಟರು. ಹತ್ತರಿಂದ ಹಿಂದಕ್ಕೆ ಎಣಿಸಿ ಅಂದರು ಅರಿವಳಿಕೆಯ ಡಾಕ್ಟರು. ಹತ್ತು, ಒಂಬತ್ತು, ಎಂಟು. ತೋಳಿನಲ್ಲಿ ಸಣ್ಣಗೆ ಉರಿ. ಏಳು. ಆಮೇಲೆ ಕೇಳಿದ್ದೇ “ಮುಗೀತು, ಕಣ್ಣು ಬಿಡಿ” ಅನ್ನುವ ಮಾತು. ಗೋಡೆ ಗಡಿಯಾರ ಒಂದೂವರೆ ಗಂಟೆ ಮುಂದಕ್ಕೆ ಹೋಗಿತ್ತು.

ನಿದ್ದೆ ಹಾಗಲ್ಲ. ಎದ್ದಾಗ ಇಷ್ಟು ಹೊತ್ತು ಮಲಗಿದ್ದೆ ಅಂತ ಮೈಗೆ ಒಂದು ಅಂದಾಜು ಇರುತ್ತದೆ. ಇಲ್ಲಿ ‘ಏಳು’ಗೂ ‘ಮುಗೀತು’ಗೂ ನಡುವೆ ಕತ್ತಲು ಕೂಡ ಇರಲಿಲ್ಲ. ಪುಸ್ತಕದ ನಡುವಿನ ಹಾಳೆಗಳನ್ನು ಕಿತ್ತು, ಆ ಕಡೆ ಈ ಕಡೆಯದನ್ನು ಅಂಟಿಸಿದ ಹಾಗೆ. ಅರಿವಳಿಕೆ ಅಂತ ಹೆಸರಿಟ್ಟವರು ಯಾರೋ, ಸರಿಯಾಗೇ ಇಟ್ಟಿದ್ದಾರೆ. ಅರಿವು ಅಳಿದೇ ಹೋಗಿತ್ತು.

ಆವತ್ತು ವಾರ್ಡಿನಲ್ಲಿ ಮಲಗಿಕೊಂಡು ನಾನೂ ನಿನ್ನ ಹಾಗೇ ಅಂದುಕೊಂಡೆ. ಒಂದು ಸಿರಿಂಜ್ ಔಷಧಿಗೆ ಆರಿಹೋಗುವುದು ಔಷಧಿಯಂಥದ್ದೇ ವಸ್ತು ಇರಬೇಕು ಅಲ್ವಾ? ಕ್ಸೆನಾನ್ ಅನ್ನುವ ಅನಿಲವನ್ನೇ ತಗೋ. ಯಾವ ವಸ್ತುವಿನ ಜೊತೆಗೂ ಸುಲಭಕ್ಕೆ ಸೇರದ, ಒಂಟಿ ಪರಮಾಣುಗಳ ಅನಿಲ. ಅದನ್ನು ಆಮ್ಲಜನಕದ ಜೊತೆ ಸಾಕಷ್ಟು ಉಸಿರಾಡಿಸಿದರೂ ಮನುಷ್ಯ ಪ್ರಜ್ಞೆ ತಪ್ಪುತ್ತಾನೆ. ಇಂಥದ್ದನ್ನು ನೋಡಿದ ಮೇಲೂ ಮನಸ್ಸು ಮಿದುಳಿನ ಹಂಗಿಲ್ಲದೆ ಎಲ್ಲೋ ತೇಲುತ್ತಿದೆ ಅಂತ ನಂಬುವುದು ನನ್ನಿಂದ ಆಗಲ್ಲ.

ಇದಕ್ಕೆ ಕೆಲವರು ರೇಡಿಯೋ ಕತೆ ಹೇಳುತ್ತಾರೆ. ರೇಡಿಯೋ ಕೆಟ್ಟರೆ ಹಾಡು ನಿಲ್ಲುತ್ತದೆ, ಹಾಗಂತ ಹಾಡುವವರು ಪೆಟ್ಟಿಗೆಯೊಳಗೆ ಇದ್ದರೇ ಅಂತ. ಕೇಳಲು ಚೆನ್ನಾಗಿದೆ. ಆದರೆ ರೇಡಿಯೋ ಕೆಟ್ಟರೆ ದನಿ ಗೊರಗೊರ ಅನ್ನಬಹುದು, ಹಾಡಿನ ಸಾಹಿತ್ಯ ಬದಲಾಗುವುದಿಲ್ಲ. ಮಿದುಳಿಗೆ ಪೆಟ್ಟು ಬಿದ್ದರೆ ನೆನಪು ಹೋಗುತ್ತದೆ, ಮಾತು ಹೋಗುತ್ತದೆ, ಸಾಧು ಮನುಷ್ಯ ಸಿಡುಕನಾಗುತ್ತಾನೆ. ಹಾಡೇ ಬೇರೆಯಾಗುತ್ತದೆ.

ಹಾಗಾದರೆ ನೀನು ಗೆದ್ದೆ ಅಂದುಕೊಳ್ಳಬೇಡ, ತಡಿ.

ಈ ಜಗಳದಲ್ಲಿ ನನಗೆ ತುಂಬಾ ಇಷ್ಟವಾದವಳು ನಿನಗಿಂತ ಐದಾರು ವರ್ಷಕ್ಕೆ ದೊಡ್ಡ ಹುಡುಗಿ. ಬೊಹೀಮಿಯಾದ ರಾಜಕುಮಾರಿ ಎಲಿಜಬೆತ್. ರಾಜ್ಯ ಕಳೆದುಕೊಂಡ ಮನೆತನ, ಹಾಲೆಂಡಿನಲ್ಲಿ ಆಶ್ರಯ. ಮನಸ್ಸು ಬೇರೆ, ದೇಹ ಬೇರೆ, ಮನಸ್ಸಿಗೆ ಉದ್ದಗಲ ಯಾವುದೂ ಇಲ್ಲ ಅಂತ ಫ್ರಾನ್ಸಿನ ತತ್ವಜ್ಞಾನಿ ಡೆಕಾರ್ಟ್ 1641ರಲ್ಲಿ ಬರೆದಿದ್ದ. ಯುರೋಪಿನ ಪಂಡಿತರು ಅದರ ಮೇಲೆ ಪುಟಗಟ್ಟಲೆ ಆಕ್ಷೇಪ ಬರೆದರು. ಇಪ್ಪತ್ತನಾಲ್ಕು ವರ್ಷದ ಈ ಹುಡುಗಿ 1643ರ ಮೇ ತಿಂಗಳಲ್ಲಿ ಅವನಿಗೆ ಪತ್ರ ಬರೆದು ಒಂದೇ ಪ್ರಶ್ನೆ ಕೇಳಿದಳು. ಒಂದು ವಸ್ತುವನ್ನು ಸರಿಸಬೇಕಾದರೆ ತಳ್ಳಬೇಕು, ತಳ್ಳಬೇಕಾದರೆ ಮುಟ್ಟಬೇಕು. ಉದ್ದಗಲವೇ ಇಲ್ಲದ ಮನಸ್ಸು ಮೈಯನ್ನು ಮುಟ್ಟುವುದು ಹೇಗೆ? ಅವನು ಏನೇನೋ ಉಪಮೆ ಕೊಟ್ಟ. ಅವಳಿಗೆ ಒಪ್ಪಿಗೆಯಾಗಲಿಲ್ಲ. ವಸ್ತುವಲ್ಲದ್ದು ವಸ್ತುವನ್ನು ಆಡಿಸುತ್ತದೆ ಅಂತ ಒಪ್ಪುವುದಕ್ಕಿಂತ, ಮನಸ್ಸೂ ಒಂದು ವಸ್ತು ಅಂತ ಒಪ್ಪುವುದೇ ನನಗೆ ಸುಲಭ ಅಂತ ತಿರುಗಿ ಬರೆದಳು. ಅದಕ್ಕೆ ಅವನ ಉತ್ತರ ಏನು ಗೊತ್ತಾ? ಇಂಥ ವಿಷಯಕ್ಕೆ ನಾನು ವರ್ಷಕ್ಕೆ ಕೆಲವೇ ಗಂಟೆ ಕೊಡುತ್ತೇನೆ, ನೀವೂ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ ಅನ್ನುವ ಅರ್ಥದ ಮಾತು. ಉತ್ತರ ಹೊಳೆಯದಾಗ ನಾನು ನಿನಗೆ “ಹೋಗಿ ಮಲಕ್ಕೋ” ಅನ್ನುತ್ತಿದ್ದೆನಲ್ಲ, ಅದೇ.

ನಮ್ಮ ಹಳೇ ಸಾಂಖ್ಯ ದರ್ಶನದವರು ಗೆರೆಯನ್ನು ಬೇರೆ ಕಡೆ ಎಳೆದರು. ಡೆಕಾರ್ಟ್ ಯೋಚನೆಯನ್ನು ಆತ್ಮದ ಪಾಲಿಗೆ ಹಾಕಿದ. ಇವರು ಮನಸ್ಸು, ಬುದ್ಧಿ, ಅಹಂಕಾರ ಎಲ್ಲವನ್ನೂ ಪ್ರಕೃತಿಯ, ಅಂದರೆ ಜಡದ ಪಾಲಿಗೇ ಹಾಕಿದರು. ಪುರುಷನಿಗೆ, ಅಂದರೆ ಅವರ ಲೆಕ್ಕದ ಶುದ್ಧ ಅರಿವಿಗೆ, ಉಳಿದದ್ದು ಸುಮ್ನೆ ನೋಡುವ ಕೆಲಸ. ಇವತ್ತು ಯಂತ್ರ ಲೆಕ್ಕ ಮಾಡುತ್ತದೆ, ಚದುರಂಗ ಆಡುತ್ತದೆ, ಯಾರೂ ಬೆಚ್ಚುವುದಿಲ್ಲ. ಹಾಗಾಗಿ ಗೆರೆ ಎಳೆದ ಜಾಗ ಇವರದ್ದೇ ಸರಿ ಅನ್ನಿಸುತ್ತದೆ ನನಗೆ. ಆದರೆ ಏನೂ ಮಾಡದೆ ಕೂತ ಪುರುಷನಿಗೂ ಕೆಲಸ ಮಾಡುವ ಪ್ರಕೃತಿಗೂ ನಂಟು ಹೇಗೆ ಅಂದರೆ, ಕುರುಡನ ಹೆಗಲ ಮೇಲೆ ಕುಂಟ ಕೂತ ಹಾಗೆ ಅನ್ನುತ್ತಾರೆ. ಹೆಗಲ ಮೇಲಿನ ಕುಂಟನಿಗೆ ದಾರಿ ಹೇಳಲು ಬಾಯಾದರೂ ಇದೆ. ಎಲಿಜಬೆತ್ ಇಲ್ಲೂ ಬಿಡುತ್ತಿರಲಿಲ್ಲ.

ನಿನ್ನ ಪಕ್ಷದವರೂ ಹಳಬರೇ. ಆತ್ಮ ಅಂತ ಬೇರೆ ಇಲ್ಲ ಅಂದ ನಮ್ಮ ಚಾರ್ವಾಕರ ವಾದ ಅಂತ ಒಂದು ಉಪಮೆ ಬರುತ್ತದೆ. ಎಲೆ ಕೆಂಪಲ್ಲ, ಅಡಿಕೆ ಕೆಂಪಲ್ಲ, ಸುಣ್ಣವೂ ಕೆಂಪಲ್ಲ. ಮೂರೂ ಸೇರಿದರೆ ಬಾಯಿ ಕೆಂಪಾಗುತ್ತದೆ. ಹಾಗೇ ಜಡಭೂತಗಳು ಒಂದು ಹದದಲ್ಲಿ ಸೇರಿದಾಗ ಅರಿವು ಹುಟ್ಟುತ್ತದೆ ಅಂತ. ನೀನು ಆಡಿದ ಮಾತಿಗೆ ಇದಕ್ಕಿಂತ ಒಳ್ಳೆ ಉಪಮೆ ನಾನು ಕಂಡಿಲ್ಲ. 1714ರಲ್ಲಿ ಜರ್ಮನಿಯ ತತ್ವಜ್ಞಾನಿ ಲೈಬ್ನಿಟ್ಸ್ ಇಂಥ ವಾದಕ್ಕೆ ಎದುರು ಬರೆದ. ಯೋಚಿಸುವ ಯಂತ್ರವನ್ನು ಗಿರಣಿಯಷ್ಟು ದೊಡ್ಡದು ಮಾಡಿ ಒಳಗೆ ನಡೆದುಹೋದರೆ, ಒಂದನ್ನೊಂದು ತಳ್ಳುವ ಭಾಗಗಳು ಕಾಣುತ್ತವೆ, ಅನುಭವ ಮಾತ್ರ ಎಲ್ಲೂ ಕಾಣುವುದಿಲ್ಲ ಅಂತ. ನೀನು ಇದಕ್ಕೆ ತಟ್ಟನೆ ಉತ್ತರ ಕೊಡುತ್ತೀಯ ಅಂತ ಗೊತ್ತು. ನೀರಿನ ಒಂದು ಅಣುವಿನೊಳಗೆ ಹೊಕ್ಕರೂ ಒದ್ದೆ ಅನ್ನುವುದು ಸಿಗುವುದಿಲ್ಲ, ಹಾಗಂತ ನೀರು ಒದ್ದೆ ಅಲ್ವಾ ಅಂತ. ಸರಿಯೇ. ಆದರೆ ಒದ್ದೆ ಯಾಕೆ ಆಗುತ್ತದೆ ಅಂತ ಅಣುಗಳ ಎಳೆದಾಟದಿಂದ ನೀನೇ ನನಗೆ ಬಿಡಿಸಿ ಹೇಳಬಲ್ಲೆ. ಕೆಂಪನ್ನೂ ಹಾಗೇ. ಎಲೆ, ಅಡಿಕೆ, ಸುಣ್ಣ ಕಣ್ಣಿಗೆ ಕಾಣುವವು. ಕೆಂಪೂ ಕಣ್ಣಿಗೇ ಕಾಣುವುದು. ನನ್ನ ಹಲ್ಲುನೋವು ಹಾಗಲ್ಲ. ನರ ಮಿಡಿದದ್ದು ಸ್ಕ್ಯಾನಿನಲ್ಲಿ ನಿನಗೆ ಕಾಣಬಹುದು, ನೋವು ಕಾಣುವುದಿಲ್ಲ. ಆ ಮಿಡಿತ ನನಗೆ ಯಾಕೆ ನೋಯಬೇಕು, ಸುಮ್ನೆ ಮಿಡಿದು ಹೋಗಬಹುದಿತ್ತಲ್ಲ? 1995ರಲ್ಲಿ ಡೇವಿಡ್ ಚಾಮರ್ಸ್ ಅನ್ನುವ ತತ್ವಜ್ಞಾನಿ ಇದಕ್ಕೆ ‘ಕಠಿಣ ಸಮಸ್ಯೆ’ ಅಂತ ಹೆಸರಿಟ್ಟು ಬರೆದ. ಹೆಸರು ಹೊಸದು, ಗಂಟು ಹಳೆಯದು.

ಅನುಭವ ಅನ್ನುವುದೇ ಮಿದುಳು ಹುಟ್ಟಿಸುವ ಭ್ರಮೆ ಅನ್ನುವವರೂ ಇದ್ದಾರೆ. ಹಲ್ಲುನೋವಿದ್ದ ರಾತ್ರಿ ಅವರ ಪುಸ್ತಕ ತೆರೆಯಬೇಡ.

ನ್ಯೂರಾನ್‌ಗಳು, ಅಂದರೆ ನರಕೋಶಗಳು, ಸೇರಿದರೆ ಸಾಕು ಅನ್ನುತ್ತೀಯ. ನೀನು ಓದುತ್ತಿರುವ ವೈದ್ಯಶಾಸ್ತ್ರದ್ದೇ ಲೆಕ್ಕ ನೋಡು. ಮಿದುಳಿನಲ್ಲಿ ಸುಮಾರು 8,600 ಕೋಟಿ ನ್ಯೂರಾನ್‌ಗಳು. ಅದರಲ್ಲಿ ಸುಮಾರು 6,900 ಕೋಟಿ ಹಿಂದುಗಡೆ ಸೆರೆಬೆಲ್ಲಮ್ ಅನ್ನುವ ಕಿರುಮಿದುಳಿನಲ್ಲೇ ಇವೆ. ಆ ಸೆರೆಬೆಲ್ಲಮ್ ಇಲ್ಲದೆ ಹುಟ್ಟಿದವರೂ ಇದ್ದಾರೆ. ನಡಿಗೆ ತಡವರಿಸುತ್ತದೆ, ಮಾತು ತೊದಲುತ್ತದೆ, ಅರಿವು ಇದ್ದೇ ಇರುತ್ತದೆ. ಐದರಲ್ಲಿ ನಾಲ್ಕು ಪಾಲು ನ್ಯೂರಾನ್ ಇರುವ ಜಾಗಕ್ಕೂ ಪ್ರಜ್ಞೆಗೂ ಅಂಥ ನಂಟಿಲ್ಲ, ಉಳಿದ ಚೂರಿಗೆ ಇದೆ. ಯಾಕೆ? ಉಳಿದದ್ದರ ಹೆಣಿಗೆ ಬೇರೆ ಥರ ಅನ್ನುತ್ತದೆ ಒಂದು ಸಿದ್ಧಾಂತ. ಮಿದುಳಿಗೆಲ್ಲ ಸುದ್ದಿ ಸಾರುವ ವ್ಯವಸ್ಥೆ ಅಲ್ಲಿದೆ ಅನ್ನುತ್ತದೆ ಇನ್ನೊಂದು. 1998ರಲ್ಲಿ ಕ್ರಿಸ್ಟೋಫ್ ಕಾಖ್ ಅನ್ನುವ ವಿಜ್ಞಾನಿ, ಇಪ್ಪತ್ತೈದು ವರ್ಷದಲ್ಲಿ ಮಿದುಳಿನಲ್ಲಿ ಪ್ರಜ್ಞೆಯ ಗುರುತು ಸ್ಪಷ್ಟವಾಗಿ ಸಿಗುತ್ತದೆ ಅಂತ ಚಾಮರ್ಸ್ ಜೊತೆ ಪಂದ್ಯ ಕಟ್ಟಿದ. 2023ರಲ್ಲಿ ನ್ಯೂಯಾರ್ಕಿನ ಸಭೆಯೊಂದರಲ್ಲಿ ಸೋಲೊಪ್ಪಿ ವೈನ್ ಕೊಟ್ಟ. ಅಲ್ಲಿ ಯಾರೂ ‘ಅಷ್ಟೇ’ ಅನ್ನಲಿಲ್ಲ.

ಈಗ ನನ್ನ ನಿಜವಾದ ತಕರಾರಿಗೆ ಬರುತ್ತೇನೆ. ‘ಬರೀ ವಸ್ತು’ ಅನ್ನುತ್ತೀಯಲ್ಲ, ವಸ್ತು ಅಂದರೆ ಏನು? ಎಲೆಕ್ಟ್ರಾನ್ ಏನು ಅಂತ ಕೇಳಿದರೆ ಇಷ್ಟು ದ್ರವ್ಯರಾಶಿ, ಇಷ್ಟು ಚಾರ್ಜ್ ಅನ್ನುತ್ತೀಯ. ಚಾರ್ಜ್ ಏನು ಅಂದರೆ ಇನ್ನೊಂದು ಚಾರ್ಜನ್ನು ಹೀಗೆ ಎಳೆಯುತ್ತದೆ, ಹೀಗೆ ನೂಕುತ್ತದೆ ಅನ್ನುತ್ತೀಯ. ಅದು ಏನು ಮಾಡುತ್ತದೆ ಅಂತ ಹೇಳಿದೆ. ಅದು ಏನು ಅಂತ ಹೇಳಲಿಲ್ಲ. ಇಂಗ್ಲೆಂಡಿನ ತತ್ವಜ್ಞಾನಿ ಬರ್ಟ್ರಂಡ್ ರಸೆಲ್ 1927ರಲ್ಲಿ ಇದನ್ನೇ ಹಿಡಿದು ಹೇಳಿದ. ಭೌತಶಾಸ್ತ್ರ ನಮಗೆ ಕೊಡುವುದು ಜಗತ್ತಿನ ಹೊರಗಿನ ಗಣಿತ ಮಾತ್ರ, ಒಳಗಿನ ಹುರುಳನ್ನಲ್ಲ. ನಾವು ಒಳಗಿನಿಂದ ಬಲ್ಲ ವಸ್ತು ಜಗತ್ತಿನಲ್ಲಿ ಒಂದೇ ಒಂದು, ಅದು ನಮ್ಮ ಮಿದುಳು. ಒಳಗಿನಿಂದ ಅದು ನೋವು, ಬಣ್ಣ, ನಿನ್ನ ದನಿ ಹೀಗೆ ಇದೆ. ಇದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿ ಎದ್ದು ಒಂದು ಸುತ್ತು ಓಡಾಡಿ ಬಂದೆ. ಅಲ್ಲಿಯವರೆಗೂ ವಸ್ತು ಗೊತ್ತಿರುವುದು, ಮನಸ್ಸು ಗೊತ್ತಿಲ್ಲದ್ದು ಅಂದುಕೊಂಡಿದ್ದೆ.

ಹಾಗಂತ ಕಲ್ಲಿಗೂ ಮಣ್ಣಿಗೂ ಚೂರು ಚೂರು ಅರಿವಿದೆ ಅನ್ನುವವರ ಹಿಂದೆ ನಾನು ಹೋಗುವುದಿಲ್ಲ. 1890ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ ಒಂದು ಉದಾಹರಣೆ ಕೊಟ್ಟಿದ್ದ. ಹನ್ನೆರಡು ಪದದ ಒಂದು ವಾಕ್ಯ ತಗೊಂಡು, ಹನ್ನೆರಡು ಜನರಿಗೆ ಒಂದೊಂದು ಪದ ಕೊಟ್ಟು, ಒತ್ತೊತ್ತಾಗಿ ನಿಲ್ಲಿಸು. ಒಬ್ಬೊಬ್ಬನೂ ತನ್ನ ಪದವನ್ನು ಎಷ್ಟು ಬೇಕಾದರೂ ಧ್ಯಾನಿಸಲಿ. ಇಡೀ ವಾಕ್ಯದ ಅರಿವು ಯಾರಿಗೂ ಆಗುವುದಿಲ್ಲ. ಕಣಕ್ಕೊಂದು ಕಿಡಿ ಅರಿವು ಕೊಟ್ಟರೂ, ಅವೆಲ್ಲ ಸೇರಿ ‘ನಾನು’ ಆಗುವುದು ಹೇಗೆ ಅನ್ನುವ ಪ್ರಶ್ನೆ ಉಳಿದೇ ಇರುತ್ತದೆ. ‘ಎಲ್ಲವೂ ಚೈತನ್ಯ, ಅಷ್ಟೇ’ ಅನ್ನುವ ನಿಮ್ಮ ದೊಡ್ಡಮ್ಮನಿಗೂ ನಾನು ಇದನ್ನೇ ಹೇಳಿದೆ. ಅವಳೂ ಫೋನ್ ಇಟ್ಟಳು.

ಡೆಕಾರ್ಟನ ಲೆಕ್ಕದಲ್ಲಿ ಈ ವರ್ಷದ ನನ್ನ ಗಂಟೆಗಳು ಇಲ್ಲಿಗೆ ಮುಗಿದವು. ನಿನ್ನದೊಂದು ಬಾಕಿ ಇದೆ. ಇನ್ನು ಸ್ವಲ್ಪ ದಿನದಲ್ಲಿ ಅನಾಟಮಿ ಹಾಲಿನಲ್ಲಿ ಮಿದುಳನ್ನು ಕೈಗೆ ಕೊಡುತ್ತಾರೆ ಅಂದೆಯಲ್ಲ. ಗ್ಲೌಸ್ ಹಾಕಿರುತ್ತೀಯ, ಫಾರ್ಮಲಿನ್ ವಾಸನೆಗೆ ಕಣ್ಣು ಉರಿಯುತ್ತಿರುತ್ತದೆ. ಒಂದೂಕಾಲು, ಒಂದೂವರೆ ಕಿಲೋ ಒಳಗಿನ ಭಾರ. ಅದನ್ನು ಮೊದಲ ಸಲ ಹಿಡಿದಾಗ ನಿನಗೆ ಹೇಗನ್ನಿಸಿತು ಅಂತ ಅವತ್ತೇ ಬರೆದು ಕಳಿಸು. ಮಡಿಕೆಗಳ ಹೆಸರು ಬೇಡ, ಅವು ಪುಸ್ತಕದಲ್ಲಿ ಸಿಗುತ್ತವೆ.

ನಿನ್ನ
ಅಮ್ಮ