ಶಿವರಾತ್ರಿಗೆ ಮುಂಚೆ ನಮ್ಮ ಶಾಲೆಯ ತಾರಸಿ ಬೆಳ್ಳಗಾಗಬೇಕು

ಆತ್ಮೀಯರೇ, ನಮಸ್ಕಾರ.

ರಾಯಚೂರು ಜಿಲ್ಲೆಯ ಬಿಸಿಲು ನಿಮಗೆ ಹೊಸದಲ್ಲ. ಮೇ ತಿಂಗಳಲ್ಲಿ 40 ಡಿಗ್ರಿ ದಾಟೋದು ಇಲ್ಲಿ ಮಾಮೂಲು. ಆಗ ರಜೆ ಇರುತ್ತೆ, ಬಿಡಿ. ನಮ್ಮ ಕಷ್ಟ ಮಾರ್ಚ್‌ನದು. ಹತ್ತನೇ ತರಗತಿಯ ಪರೀಕ್ಷೆಯೂ ಬಿಸಿಲೂ ಜೊತೆಗೇ ಬರುತ್ತವೆ.

ನಮ್ಮ ಪ್ರೌಢಶಾಲೆಯಲ್ಲಿ ಆರು ಕೋಣೆಗಳಿವೆ. ನಾಲ್ಕಕ್ಕೆ ಆರ್‌ಸಿಸಿ ತಾರಸಿ, ಎರಡಕ್ಕೆ ತಗಡು. ಮಧ್ಯಾಹ್ನದ ಊಟವಾದ ಮೇಲೆ ತಗಡಿನ ಕೋಣೆಯಲ್ಲಿ ಕೂರಲಿಕ್ಕಾಗುವುದಿಲ್ಲ. ಇಬ್ಬರು ಹುಡುಗರು ಕರಿಹಲಗೆ ಹೊತ್ತು ತಂದು ಬೇವಿನ ಮರಕ್ಕೆ ಒರಗಿಸುತ್ತಾರೆ. ನೆರಳು ಸರಿದ ಹಾಗೆ ತರಗತಿಯೂ ಸರಿಯುತ್ತದೆ. ನೋಡಲಿಕ್ಕೆ ಚೆಂದವೇ. ಆದರೆ ರಸ್ತೆಯಲ್ಲಿ ಟ್ರ್ಯಾಕ್ಟರ್ ಹೋದರೆ ಹಿಂದೆ ಕೂತವರಿಗೆ ಮೇಷ್ಟ್ರ ಮಾತು ಕೇಳಿಸೋದಿಲ್ಲ.

ಎಸಿ ಕೊಡಿಸ್ತೇವೆ ಅಂದ ದಾನಿಗಳೂ ಇದ್ದಾರೆ. ಕೈಮುಗಿದು ಬೇಡ ಅಂದೆವು. ಶಕ್ತಿನಗರದ ವಿದ್ಯುತ್ ಸ್ಥಾವರ ನಮ್ಮ ಜಿಲ್ಲೆಯಲ್ಲೇ ಇದೆ, ನಿಜ. ಆದರೂ ಬಿಲ್ ನಮಗೂ ಬರುತ್ತದಲ್ವಾ? ಕಾದ ತಗಡಿನ ಕೆಳಗೆ ಎಸಿ ಹಾಕೋದೂ ಒಂದೇ, ತೂತಿನ ಕೊಡಕ್ಕೆ ನೀರು ತುಂಬೋದೂ ಒಂದೇ. ಮೊದಲು ಸೂರು ಸರಿಯಾಗಲಿ.

ಹೋದ ವರ್ಷ ಒಂದು ಪ್ರಯೋಗ ಮಾಡಿದೆವು. ಒಂದೇ ಒಂದು ಕೋಣೆಯ ತಾರಸಿಗೆ ಸುಣ್ಣ ಬಳಿಸಿದೆವು. ಮಧ್ಯಾಹ್ನ ಚಪ್ಪಲಿ ಬಿಟ್ಟು ಮೇಲೆ ಹತ್ತಿದರೆ ಬಿಳಿ ಭಾಗದಲ್ಲಿ ಆರಾಮಾಗಿ ನಿಲ್ಲಬಹುದಿತ್ತು. ಪಕ್ಕದ ಕೋಣೆಯ ಮೇಲೆ ಕಾಲಿಟ್ಟರೆ ಕುಣಿಯಬೇಕು! ಸಿಮೆಂಟ್ ತಾರಸಿ ಹಗಲೆಲ್ಲ ಬಿಸಿಲು ಕುಡಿದು ನಿಧಾನಕ್ಕೆ ಕೆಳಗೆ ಬಿಡುತ್ತದೆ. ಬಿಳಿ ಬಣ್ಣ ಬಹುಪಾಲು ಬಿಸಿಲನ್ನು ಅಲ್ಲಿಂದಲೇ ವಾಪಸ್ ಕಳಿಸುತ್ತದೆ. ಪಕ್ಕದ ತೆಲಂಗಾಣ ಸರ್ಕಾರ 2023ರಲ್ಲಿ ಇದಕ್ಕೆಂದೇ ಒಂದು ನೀತಿ ತಂದಿದೆ. ನಮ್ಮ ಸುಣ್ಣ ಮಾತ್ರ ಮಳೆಗೆ ತೊಳೆದುಹೋಯಿತು. ಅದಕ್ಕೇ ಈ ಸಲ ಬಾಳಿಕೆ ಬರುವ ಕೂಲ್ ರೂಫ್ ಪೇಂಟ್ ಬಳಿಸುವ ಯೋಚನೆ.

ಲೆಕ್ಕ ಹೀಗಿದೆ. ನಾಲ್ಕು ತಾರಸಿ ಸೇರಿ 2,000 ಚದರ ಅಡಿ. ಕೂಲಿಯೂ ಸೇರಿ ಅಡಿಗೆ 25 ರೂಪಾಯಿಯಂತೆ 50,000. ತಗಡಿನ ಕೋಣೆಗಳಿಗೆ ಒಳಚಾವಣಿ ಹಾಕಿಸಿ, ಬಿಸಿಗಾಳಿ ಹೊರಗೆ ಹೋಗಲು ಗೋಡೆಯ ಮೇಲ್ಭಾಗದಲ್ಲಿ ಬೆಳಕಿಂಡಿ ತೆಗೆಸಲು 78,000. ಹಳೆಯ ಮಾಳಿಗೆ ಮನೆಗಳಲ್ಲಿ ಬೆಳಕಿಂಡಿ ಇದ್ದೇ ಇರುತ್ತಿತ್ತು. ಶಾಲೆ ಕಟ್ಟುವಾಗ ನಾವೇ ಮರೆತೆವು. ಇನ್ನು ಕಡಿಮೆ ಕರೆಂಟ್ ತಿನ್ನುವ ಬಿಎಲ್‌ಡಿಸಿ ಫ್ಯಾನ್ 24, ಒಂದಕ್ಕೆ 3,000ದಂತೆ 72,000. ಹಳೆ ಫ್ಯಾನ್ ಸುಮಾರು 75 ವ್ಯಾಟ್ ತಿನ್ನುತ್ತದೆ, ಇದು 30ರ ಆಸುಪಾಸು. ಇಪ್ಪತ್ನಾಲ್ಕೂ ಒಂದು ಗಂಟೆ ತಿರುಗಿದರೆ ಒಂದು ಯೂನಿಟ್ ಉಳಿದ ಹಾಗೆ. ಒಟ್ಟು 2 ಲಕ್ಷ ರೂಪಾಯಿ ಬೇಕು.

ಒಂದು ಫ್ಯಾನ್ ಕೊಡಿಸಿ, ನೂರು ಅಡಿ ಬಣ್ಣ ಕೊಡಿಸಿ, ಇಲ್ಲವೇ ಕೈಲಾದಷ್ಟು ಕೊಡಿ. ಫ್ಯಾನಿನ ರೆಕ್ಕೆ ಮೇಲೆ ಹೆಸರು ಬರೆಸಿ ಅಂತ ಮಾತ್ರ ಕೇಳಬೇಡಿ, ತಿರುಗುವಾಗ ಯಾರೂ ಓದಲಾರರು. ದಾನಿಗಳ ಹೆಸರು ಕಚೇರಿಯ ಫಲಕದಲ್ಲಿರುತ್ತದೆ. ಖರ್ಚಿನ ಬಿಲ್ಲುಗಳನ್ನೂ ಅದರ ಪಕ್ಕದಲ್ಲೇ ಅಂಟಿಸುತ್ತೇವೆ.

ಶಿವರಾತ್ರಿಗೆ ಚಳಿ ಶಿವಶಿವ ಅಂತ ಓಡಿಹೋಗುತ್ತದೆ. ಅಷ್ಟರೊಳಗೆ ಬಣ್ಣ ಒಣಗಿರಬೇಕು. ಹಣ ಕಳಿಸುವವರು ಶಾಲೆಯ ಕಚೇರಿಯಿಂದಲೇ ಖಾತೆ ವಿವರ ಪಡೆಯಿರಿ, ರಸೀದಿ ಮರೆಯಬೇಡಿ. ದುಡ್ಡಿಲ್ಲ, ಕೈಕಾಲು ಗಟ್ಟಿ ಇವೆ ಅನ್ನುವವರು ಭಾನುವಾರ ಬೆಳಿಗ್ಗೆ ಬನ್ನಿ. ಬಣ್ಣ ಬಳಿಯುವ ಮುಂಚೆ ತಾರಸಿ ಉಜ್ಜಿ ತೊಳೆಯಬೇಕಿದೆ. ಪೊರಕೆ ನಮ್ಮಲ್ಲಿದೆ, ಮಧ್ಯಾಹ್ನಕ್ಕೆ ಜೋಳದ ರೊಟ್ಟಿಯೂ ಇರುತ್ತದೆ.