‘ನಮ್ಮೂರಾಗ ಅಂಥಾವ್ರು ಇಲ್ರಿ’: ಕಲಬುರಗಿ ಜಿಲ್ಲಾ ಉಸ್ತುವಾರಿ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರಿಗೆ, ಜಿಲ್ಲೆಯ ರಂಗಕರ್ಮಿಗಳ ನಮಸ್ಕಾರ.

‘ದಿ ಲಾರಮಿ ಪ್ರಾಜೆಕ್ಟ್’ ನಾಟಕವನ್ನು ಕಲಬುರಗಿ ರಂಗಾಯಣದಿಂದ ನಮ್ಮ ಭಾಗದ ಕನ್ನಡದಲ್ಲಿ ಆಡಿಸಿ, ಸೇಡಂ, ಆಳಂದ, ಚಿಂಚೋಳಿ, ಜೇವರ್ಗಿಗೂ ಒಯ್ಯಬೇಕೆಂಬುದು ನಮ್ಮ ಕೋರಿಕೆ.

ಲಾರಮಿ ಅಮೆರಿಕದ ವಯೋಮಿಂಗ್ ರಾಜ್ಯದ ಸಣ್ಣ ಊರು. 1998ರ ಅಕ್ಟೋಬರಿನಲ್ಲಿ ಅಲ್ಲಿ ಓದುತ್ತಿದ್ದ 21 ವರ್ಷದ ಸಲಿಂಗಿ ಯುವಕ ಮ್ಯಾಥ್ಯೂ ಶೆಪರ್ಡ್‌ನನ್ನು ಅದೇ ಊರಿನ ಇಬ್ಬರು ಹುಡುಗರು ಹೊಡೆದು, ಬೇಲಿಗೆ ಕಟ್ಟಿ ಬಿಟ್ಟುಹೋದರು. 12ರಂದು ಆತ ತೀರಿಕೊಂಡ. ಮರುತಿಂಗಳು ನ್ಯೂಯಾರ್ಕಿನ ರಂಗತಂಡವೊಂದು ಆ ಊರಿಗೆ ಹೋಯಿತು. ಮತ್ತೆ ಮತ್ತೆ ಹೋಗಿ ಇನ್ನೂರಕ್ಕೂ ಹೆಚ್ಚು ಸಂದರ್ಶನ ಮಾಡಿತು. ಆ ಜನ ಆಡಿದ ಮಾತುಗಳಿಂದಲೇ ಕಟ್ಟಿದ ನಾಟಕ 2000ದಲ್ಲಿ ರಂಗಕ್ಕೆ ಬಂತು.

ಹೊಡೆತವನ್ನು ನಾಟಕ ಆಡಿ ತೋರಿಸುವುದಿಲ್ಲ. ತೋರಿಸುವುದು ಒಳ್ಳೆಯವರನ್ನು. ‘ಅವರ ಪಾಡಿಗೆ ಅವರು, ನಮ್ಮ ಪಾಡಿಗೆ ನಾವು’ ಎಂದು ಊರಿನವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಅಲ್ಲಿಯೇ ಬಾಳುವ ಸಲಿಂಗಿಯೊಬ್ಬ ಆ ಮಾತಿನ ಒಳಗನ್ನು ಬಿಚ್ಚುತ್ತಾನೆ: ನೀನು ಯಾರೆಂದು ಬಾಯಿ ಬಿಡದಿದ್ದರೆ ನಿನಗೆ ಹೊಡೆಯುವುದಿಲ್ಲ, ಅಷ್ಟೇ ಅದರ ಅರ್ಥ. ನಮ್ಮೂರು ಅಂಥದ್ದಲ್ಲ ಎಂದು ಜಗತ್ತಿಗೆ ತೋರಿಸೋಣ ಎಂದವರಿಗೆ ಅಲ್ಲಿನ ಮುಸ್ಲಿಂ ಯುವತಿಯೊಬ್ಬಳು, ಇಲ್ಲ, ನಮ್ಮೂರು ಅಂಥದ್ದೇ, ಮೊದಲು ಅದಕ್ಕೆ ದುಃಖಪಡೋಣ ಎನ್ನುತ್ತಾಳೆ. ಇಡೀ ನಾಟಕ ನಿಂತಿರುವುದು ಈ ಎರಡು ಮಾತಿನ ಮೇಲೆ. ಸಮಯ ಸಾಲದೆಂದು ಇವಕ್ಕೆ ಕತ್ತರಿ ಹಾಕಿದರೆ ಉಳಿಯುವುದು ಬರೀ ಕೊಲೆಯ ವರದಿ.

ಖರ್ಚಿನ ನಾಟಕವಲ್ಲ. ಎಂಟು ನಟರು ಅರವತ್ತಕ್ಕೂ ಹೆಚ್ಚು ಪಾತ್ರ ಮಾಡುತ್ತಾರೆ. ಒಂದು ಶಾಲು, ಒಂದು ಕನ್ನಡಕ, ಒಂದು ಟೊಪ್ಪಿಗೆ ಬದಲಾದರೆ ಪಾತ್ರ ಬದಲಾಯಿತು. ಕೆಲವು ಕುರ್ಚಿ, ಮೇಜು ಸಾಕು. ಸಲಿಂಗಿಗಳ ವಿರುದ್ಧ ದ್ವೇಷ ಸಾರಲು ಬಂದವರನ್ನು ಮರೆಮಾಡಲು ನಾಟಕದಲ್ಲಿ ಮ್ಯಾಥ್ಯೂನ ಗೆಳೆಯರು ದೇವತೆಗಳಾಗಿ ತೊಡುವ ದೊಡ್ಡ ರೆಕ್ಕೆಗಳನ್ನು ಬಿಳಿ ಹಾಸಿಗೆ ಬಟ್ಟೆ, ಪಿವಿಸಿ ಪೈಪಿನಲ್ಲಿ ಮಾಡಬಹುದು.

ಕೆಡುವುದು ಬೇರೆ ಕಡೆ. ಸಲಿಂಗಿ ಪಾತ್ರಕ್ಕೆ ಹಾಸ್ಯಪಾತ್ರದ ವಯ್ಯಾರ ತೊಡಿಸಿದರೆ ಮೊದಲ ಹತ್ತು ನಿಮಿಷದಲ್ಲೇ ಸಭೆ ನಗುತ್ತದೆ, ಆಮೇಲೆ ಎಷ್ಟು ಅತ್ತರೂ ನಂಬುವುದಿಲ್ಲ. ಊರಿನವರನ್ನು ಖಳರಂತೆ ಆಡಿದರೂ ಅಷ್ಟೇ: ನೋಡುವವ ತನ್ನನ್ನು ಅಲ್ಲಿ ಕಾಣುವುದಿಲ್ಲ. ಊರಿನ ಹೆಸರು ಲಾರಮಿಯೇ ಇರಲಿ, ಮಾತು ಮಾತ್ರ ನಮ್ಮದಾಗಲಿ. ‘ನಮಗೇನ್ ತಕರಾರಿಲ್ರಿ, ಖರೆ ಮಂದಿ ಏನಂತಾರ?’ ಎಂಬ ಧಾಟಿ ಬಂದರೆ ಸೇಡಂನ ಪ್ರೇಕ್ಷಕನಿಗೆ ಬೇರೆ ವಿವರಣೆ ಬೇಡ.

ತಮ್ಮಿಂದ ಆಗಬೇಕಾದ್ದು ಇಷ್ಟು. ಅನುವಾದ, ಪ್ರದರ್ಶನ ಎರಡಕ್ಕೂ ಹಕ್ಕುದಾರರ ಲಿಖಿತ ಅನುಮತಿಯನ್ನು ತಾಲೀಮಿಗೆ ಮೊದಲೇ ಇಲಾಖೆ ಪಡೆಯಲಿ. ಡಾ. ಎಸ್.ಎಂ. ಪಂಡಿತ ರಂಗಮಂದಿರದ ಬಾಡಿಗೆ ಮನ್ನಾ ಆಗಲಿ. ನಮ್ಮ ಬಿಸಿಲಿಗೆ ಏಪ್ರಿಲ್, ಮೇ ಬೇಡ. ನವೆಂಬರಿನಿಂದ ಜನವರಿಯೊಳಗೆ ಆಗಲಿ. ಮೂರು ಅಂಕದ ನಾಟಕ, ಸಂಜೆ ಐದಕ್ಕೆ ಶುರುವಾದರೆ ಹಳ್ಳಿಯವರಿಗೆ ಕೊನೆಯ ಬಸ್ಸು ಸಿಗುತ್ತದೆ. ಆಮೇಲಿನ ಸಂವಾದದಲ್ಲಿ ಯಾರನ್ನೂ ‘ನೀವು ಅವರೇನು?’ ಎಂದು ಕೇಳಕೂಡದು, ಫೋಟೊ ತೆಗೆಯಕೂಡದು. ಪ್ರಶ್ನೆಗಳು ಹೆಸರಿಲ್ಲದ ಚೀಟಿಯಲ್ಲಿ ಬರಲಿ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲ ಎಂದಿತು. ಮನೆಯವರ ಕಣ್ಣು, ಓಣಿಯ ಬಾಯಿ ಇನ್ನೂ ಹಾಗೇ ಇವೆ.

ಉದ್ಘಾಟನೆ, ಸನ್ಮಾನ, ಭಾಷಣ ಆ ದಿನ ಬೇಡ. ತಾವು ಬರಬೇಕು, ಪ್ರೇಕ್ಷಕರ ನಡುವೆ ಕುಳಿತು ಮೂರೂ ಅಂಕ ನೋಡಬೇಕು.

ಇಂತಿ,
ಕಲಬುರಗಿ ಜಿಲ್ಲೆಯ ರಂಗಕರ್ಮಿಗಳು