ಕೇಬಲ್ ತುದೀಲಿ ಚಿನ್ನ, ಒಳಗೆ ಏನು?

ಸಂಪಾದಕರಿಗೆ ನಮಸ್ಕಾರ,

ನಿಮ್ಮ ತಂತ್ರಜ್ಞಾನದ ಪುಟದಲ್ಲಿ ಹೊಸ ಮಾನಿಟರ್ ಬಗ್ಗೆ ಬರುತ್ತೆ, ಹೊಸ ಲ್ಯಾಪ್‌ಟಾಪ್ ಬಗ್ಗೆ ಬರುತ್ತೆ, ಆದ್ರೆ ಅವುಗಳಿಗೆ ಚುಚ್ಚೋ ಕೇಬಲ್ ಬಗ್ಗೆ ಯಾರೂ ನಾಲ್ಕು ಸಾಲು ಬರೆಯಲ್ಲ. ಈ ಸಂದೀಲೇ ಮಾರೋರು ನಮ್ಮ ಕಿವಿ ಮೇಲೆ ಹೂ ಇಡ್ತಿರೋದು. ಗೋಲ್ಡ್ ಪ್ಲೇಟೆಡ್ ಅಂತ ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಹಾಕಿ, ಬಣ್ಣ ಇನ್ನೂ ಗಾಢ, ಚಿತ್ರ ಇನ್ನೂ ಶಾರ್ಪ್, ಡೇಟಾ ಇನ್ನೂ ಫಾಸ್ಟ್ ಅಂತಾರೆ. ನಾನೂ ನಂಬಿ ತಗೊಂಡವನೇ, ಅದಕ್ಕೇ ಬರೀತಿದೀನಿ.

ಆಗಿದ್ದು ಏನಂದ್ರೆ, ಹೊಸ 4ಕೆ (ತುಂಬಾ ಸೂಕ್ಷ್ಮವಾಗಿ ಚಿತ್ರ ತೋರಿಸೋ) ಮಾನಿಟರ್ ತಂದು ಹಳೇ ಎಚ್‌ಡಿಎಂಐ (ಚಿತ್ರ, ಧ್ವನಿ ಎರಡನ್ನೂ ಒಯ್ಯೋ) ಕೇಬಲ್ ಹಾಕಿದೆ, ಆಗಾಗ ಸ್ಕ್ರೀನ್ ಎರಡು ಸೆಕೆಂಡ್ ಕಪ್ಪಾಗಿ ಮತ್ತೆ ಬರೋದು. ಗೊತ್ತಿರೋರೊಬ್ರು "ಗೋಲ್ಡ್ ಹಾಕು, ಸರಿಹೋಗುತ್ತೆ" ಅಂದ್ರು. ಹಾಕಿದೆ. ಮಿರಿ ಮಿರಿ ಮಿಂಚೋ ಕನೆಕ್ಟರ್, ಮೇಲೆ ಬಟ್ಟೆ ಹೆಣೆದ ದಪ್ಪ ವೈರು, ಎಲ್ಲಾ ಇತ್ತು, ಸ್ಕ್ರೀನ್ ಮಾತ್ರ ಮೊದಲಿನ ಹಂಗೇ ಕಪ್ಪಾಗ್ತಿತ್ತು. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದಂಗಾಯ್ತು. ಆಮೇಲೆ ಕೂತು ಓದಿದಾಗ ಗೊತ್ತಾಯ್ತು, 4ಕೆ ಚಿತ್ರ 60 ಹರ್ಟ್ಸ್‌ನಲ್ಲಿ, ಅಂದ್ರೆ ಸೆಕೆಂಡಿಗೆ 60 ಸಲ ಹೊಸದಾಗಿ, ಪೂರ್ತಿ ಬಣ್ಣದ ಸಮೇತ ಬರಬೇಕಂದ್ರೆ ಹತ್ತಿರ ಹತ್ತಿರ 18 ಜಿಬಿಪಿಎಸ್ (ಸೆಕೆಂಡಿಗೆ 18 ಗಿಗಾಬಿಟ್) ವೇಗ ಬೇಕು, ಅದಕ್ಕೆ ಪ್ರೀಮಿಯಂ ಹೈಸ್ಪೀಡ್ ಅನ್ನೋ ಸರ್ಟಿಫಿಕೇಟ್ ಇರೋ ಕೇಬಲ್ಲು ಇದೆ. ನನ್ನ ಚಿನ್ನದ ಕೇಬಲ್ ಡಬ್ಬದ ಮೇಲೆ ಬರೀ "4ಕೆ" ಅಂತಿತ್ತು, 30 ಹರ್ಟ್ಸೋ 60 ಹರ್ಟ್ಸೋ ಅನ್ನೋ ಸುದ್ದೀನೇ ಇಲ್ಲ. ಆ ಸರ್ಟಿಫಿಕೇಟ್ ಇರೋ ಒಂದು ಸಾದಾ ಕೇಬಲ್ ಹಾಕಿದ ದಿನವೇ ತೊಂದ್ರೆ ಹೋಯ್ತು.

ಇದರಲ್ಲಿ ಮುಖ್ಯ ವಿಷಯ ಡಿಜಿಟಲ್ ಅನ್ನೋದು. ಯಾರೋ ನಿಮಗೆ ಫೋನಲ್ಲಿ ಒಂದು ನಂಬರ್ ಹೇಳ್ತಾರೆ ಅಂದ್ಕೊಳ್ಳಿ, ಸ್ವಲ್ಪ ಗೊರಗೊರ ಇದ್ರೂ ಅಂಕಿ ಕೇಳಿಸಿದ್ರೆ ನಂಬರ್ ಸರಿಯಾಗೇ ಬರೆದುಕೊಳ್ತೀರಿ, ಎಷ್ಟೇ ಇಂಪಾದ ದನೀಲಿ ಹೇಳಿದ್ರೂ ನಂಬರ್ ಇನ್ನೂ ಚೆನ್ನಾಗೇನೂ ಆಗಲ್ಲ. ಕೇಬಲ್ಲೂ ಅಷ್ಟೇ, ಸೊನ್ನೆ ಒಂದು ಗುರುತು ಸಿಕ್ಕಿದ್ರೆ ಮುಗೀತು. ಸಿಗದಿದ್ರೆ ಪರದೆ ಮೇಲೆ ಬಿಳಿ ಚುಕ್ಕೆ ಮಿಣುಕ್ತವೆ, ಇಲ್ಲಾ ಚಿತ್ರಾನೇ ಹೋಗುತ್ತೆ. ಬಣ್ಣ ಸ್ವಲ್ಪ ಮಂಕಾಗೋದು, ಅಂಚು ಸ್ವಲ್ಪ ಮಸುಕಾಗೋದು ಇದೆಲ್ಲಾ ವಿಜಿಎ ಅನ್ನೋ ಹಳೇ ಅನಲಾಗ್ ಮಾನಿಟರ್ ಕೇಬಲ್ ಕಾಲದ ಕಥೆ (ಅನಲಾಗ್ ಅಂದ್ರೆ ಸೊನ್ನೆ ಒಂದು ಅಲ್ಲ, ಸಿಗ್ನಲ್ಲೇ ಏರಿಳಿಯೋದು). ಯುಎಸ್‌ಬಿಲಿ ಫೈಲ್ ಕಾಪಿ ಮಾಡುವಾಗಂತೂ ಪ್ರತಿ ಕಂತಿನ ಜೊತೆ ಒಂದು ತಾಳೆ ಲೆಕ್ಕ ಹೋಗುತ್ತೆ, ತಪ್ಪಿದ್ರೆ ಮತ್ತೆ ಕಳಿಸುತ್ತೆ, ಆದ್ದರಿಂದ ಚಿನ್ನದ ಕೇಬಲ್‌ನಿಂದ ಬಂದ ಫೋಟೋ ಸಾದಾ ಕೇಬಲ್‌ನಿಂದ ಬಂದ ಫೋಟೋಗಿಂತ ಚೆನ್ನಾಗಿರೋಕೆ ಸಾಧ್ಯಾನೇ ಇಲ್ಲ.

ಹಂಗಂತ ಚಿನ್ನ ದಂಡ ಅಂತ ನಾನು ಹೇಳ್ತಿಲ್ಲ. ಜನ ಅಂದ್ಕೊಂಡಿರೋದು ಚಿನ್ನದಲ್ಲಿ ಕರೆಂಟ್ ಎಲ್ಲಕ್ಕಿಂತ ಸಲೀಸಾಗಿ ಹರಿಯುತ್ತೆ ಅಂತ, ಅದು ತಪ್ಪು. ಮೊದಲು ಬೆಳ್ಳಿ, ಆಮೇಲೆ ತಾಮ್ರ, ಆಮೇಲೆ ಚಿನ್ನ. ತಾಮ್ರದ್ದು 100 ಅಂದ್ರೆ ಚಿನ್ನದ್ದು ಸುಮಾರು 70. ಚಿನ್ನದ ಗುಣ ಇರೋದು ಬೇರೆ ಕಡೆ, ಅದು ಗಾಳಿಗೆ, ತೇವಕ್ಕೆ ಕಿಲುಬು ಹಿಡಿಯಲ್ಲ. ತುಂಬಾ ಕಮ್ಮಿ ವೋಲ್ಟೇಜ್ ಇರೋ ಪಿನ್ ಮೇಲೆ ತೆಳ್ಳಗೆ ಕಿಲುಬು ಕೂತ್ರೂ ಸಿಗ್ನಲ್ ಅದನ್ನ ದಾಟದೇ ಹೋಗಬಹುದು, ಅದಕ್ಕೇ ರ‍್ಯಾಮ್ ಅನ್ನೋ ಮೆಮೊರಿ ಪಟ್ಟಿಯ ಅಂಚಲ್ಲಿ, ಪ್ರೊಸೆಸರ್ ಅಡೀಲಿ, ಕಾರ್ಡುಗಳ ಬಾಯಲ್ಲಿ ಚಿನ್ನ ಹಾಕಿರ್ತಾರೆ. (ರ‍್ಯಾಮ್ ತೆಗೆದು ಎರೇಸರ್‌ನಲ್ಲಿ ಗಸಗಸ ಉಜ್ಜೋರಿಗೆ ಒಂದು ಮಾತು, ಕೊಳೆ ಜೊತೆ ಆ ಚಿನ್ನಾನೂ ಸವೆಯುತ್ತೆ, ಮೆತ್ತಗೆ ಉಜ್ಜಿ.) ಪಿನ್ನಿನ ಚಿನ್ನದ ಅಡೀಲಿ ನಿಕ್ಕಲ್ ಪದರ ಇರುತ್ತೆ, ಇಲ್ಲದಿದ್ರೆ ತಾಮ್ರ ನಿಧಾನಕ್ಕೆ ಚಿನ್ನದೊಳಗೆ ನುಸುಳಿ ಮೇಲೆ ಬಂದುಬಿಡುತ್ತೆ. ದಿನಾ ಹಾಕಿ ತೆಗೆಯೋ ಒಳ್ಳೇ ಪಿನ್ನಿಗೆ ಚಿನ್ನದ ಪದರ 0.75 ಮೈಕ್ರಾನ್ (ಮೈಕ್ರಾನ್ ಅಂದ್ರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಆಸುಪಾಸು ಇರುತ್ತೆ, ಬರೀ ಶೋಕಿಗೆ ಹಾಕೋ ಗಿಲೀಟು 0.1 ಮೈಕ್ರಾನ್ ಇದ್ರೆ ಹೆಚ್ಚು. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ, ಲೆಕ್ಕ ನೀವೇ ಹಾಕ್ಕೊಳ್ಳಿ. ನಾಲ್ಕು ಸಲ ಚುಚ್ಚಿ ಕಿತ್ರೆ ಆ ಗಿಲೀಟಿನ ಗತಿ ಏನು?

ಇನ್ನೊಂದು ತಮಾಷೆ ಇದೆ. ಎಚ್‌ಡಿಎಂಐ, ಯುಎಸ್‌ಬಿ ಕೇಬಲ್ಲಲ್ಲಿ ನಮ್ಮ ಕಣ್ಣಿಗೆ ಹೊಳೆಯೋದು ಹೊರಗಿನ ಚಿಪ್ಪು, ಅದು ಬರೀ ಶೀಲ್ಡು, ಅಂದ್ರೆ ಹೊರಗಿನ ವಿದ್ಯುತ್ ಗದ್ದಲ ತಡೆಯೋ ಕವಚ, ಚಿತ್ರ ಡೇಟಾ ಎಲ್ಲಾ ಹೋಗೋದು ಒಳಗಿರೋ ಸಣ್ಣ ಪಿನ್ನುಗಳಲ್ಲಿ, ಎಚ್‌ಡಿಎಂಐಲಿ ಅವು 19. ಮರ್ಯಾದಸ್ಥ ಕಂಪನಿ ಸಾದಾ ಕೇಬಲ್ಲಲ್ಲೂ ಆ ಪಿನ್ನಿಗೆ ಚಿನ್ನ ಹಾಕಿಯೇ ಇರುತ್ತೆ, ಹೇಳಿಕೊಳ್ಳಲ್ಲ ಅಷ್ಟೇ. ಮನೇಲಿರೋ ನೆಟ್‌ವರ್ಕ್ ಕೇಬಲ್ಲಿನ ಪ್ಲಗ್ ಬೆಳಕಿಗೆ ಹಿಡಿದು ನೋಡಿ, ಒಳಗಿನ 8 ಪಟ್ಟಿ ಹಳದಿ ಬಣ್ಣದಲ್ಲೇ ಇರ್ತವೆ. ಅಂದ್ರೆ ಪಿನ್ನಿನ ಚಿನ್ನ ಮೊದಲೇ ಬಂದಿದೆ, ನಾವು ಹೆಚ್ಚಿಗೆ ಕೊಡ್ತಿರೋದು ಚಿಪ್ಪಿನ ಶೋಕಿಗೆ. ಇದಕ್ಕೂ ಮೀರಿದ್ದು ಆಪ್ಟಿಕಲ್ ಆಡಿಯೋ ಕೇಬಲ್ಲು. ಅದರೊಳಗೆ ಹೋಗೋದು ಬೆಳಕು, ಕರೆಂಟೇ ಅಲ್ಲ, ಅದಕ್ಕೂ ತುದೀಲಿ ಚಿನ್ನ ಬಳಿದು ಮಾರ್ತಾರೆ ಮಾರಾಯ್ರೇ! ಆ ಚಿನ್ನ ಅಲ್ಲಿ ಏನು ಮಾಡುತ್ತೋ, ಬೆಳಕಿಗೆ ದಾರಿ ತೋರಿಸುತ್ತೇನೋ.

ಚಿನ್ನಕ್ಕೆ ಬೆಲೆ ಕೊಡಬಹುದಾದ ಜಾಗ ಅಂದ್ರೆ ಹೆಡ್‌ಫೋನ್ ಜಾಕು, ಹಳೇ ಆರ್‌ಸಿಎ ಆಡಿಯೋ ಪ್ಲಗ್ಗು, ಅದೂ ತೇವದ ಗಾಳಿ, ಸಮುದ್ರದ ಉಪ್ಪು ಗಾಳಿ ಇರೋ ಕಡೆ. ಅನಲಾಗ್ ಆದ್ದರಿಂದ ಅಲ್ಲಿ ಕಿಲುಬು ಹಿಡಿದ್ರೆ ಚರಚರ ಅನ್ನೋದು ಕಿವಿಗೇ ಕೇಳಿಸುತ್ತೆ. ಅಲ್ಲೂ ಪೋರ್ಟು ತವರದ್ದಾಗಿ ಪ್ಲಗ್ ಮಾತ್ರ ಚಿನ್ನದ್ದಾದ್ರೆ ಪೂರ್ತಿ ಲಾಭ ಇಲ್ಲ, ಎರಡೂ ಕಡೆ ಒಂದೇ ಲೋಹ ಇದ್ರೇ ಒಳ್ಳೇದು.

ನಿಜವಾಗಿ ನೋಡಬೇಕಾದ್ದು ವೈರಿನ ಒಳಗಡೆ. ಅಗ್ಗದ ನೆಟ್‌ವರ್ಕ್ ಕೇಬಲ್ಲಲ್ಲಿ ಎಷ್ಟೋ ಸಲ ಒಳಗಿರೋದು ತಾಮ್ರ ಅಲ್ಲ, ತಾಮ್ರ ಬಳಿದ ಅಲ್ಯೂಮಿನಿಯಂ, ಪ್ಯಾಕೆಟ್ ಮೇಲೆ ಎಲ್ಲೋ ಮೂಲೇಲಿ ಸಿಸಿಎ ಅಂತ ಮೂರೇ ಅಕ್ಷರ. ಅದರಲ್ಲಿ ರೋಧ ಜಾಸ್ತಿ, ದೂರ ಎಳೆದ್ರೆ ತೊಂದ್ರೆ, ಕ್ಯಾಮೆರಾಗೆ ಅದೇ ವೈರಲ್ಲಿ ಪವರ್ ಕೊಟ್ರೆ ಬಿಸಿಯಾಗುತ್ತೆ, ಬಗ್ಗಿಸಿದ್ರೆ ಮುರಿಯುತ್ತೆ. ತುದೀಲಿ ಚಿನ್ನ, ಒಳಗೆ ಅಲ್ಯೂಮಿನಿಯಂ, ಹೊರಗೆ ಥಳಕು ಒಳಗೆ ಹುಳುಕು ಅಂದ್ರೆ ಇದೇ. ಟೈಪ್-ಸಿಲಿ ಇನ್ನೊಂದು ಗೋಳು. ನೋಡೋಕೆ ಒಂದೇ ಥರ ಇರೋ ಎರಡು ಕೇಬಲ್ಲು, ಒಂದು 480 ಎಂಬಿಪಿಎಸ್‌ಗೆ (ಅರ್ಧ ಜಿಬಿಪಿಎಸ್‌ಗೂ ಕಮ್ಮಿ) ನಿಲ್ಲುತ್ತೆ, ಇನ್ನೊಂದು 40 ಜಿಬಿಪಿಎಸ್ ಹೊರುತ್ತೆ, ಇದನ್ನ ಚಿನ್ನದ ಬಣ್ಣ ನೋಡಿ ಹೇಳೋಕಾಗಲ್ಲ.

ಸಂಪಾದಕರಲ್ಲಿ ಕೇಳೋದಿಷ್ಟೇ, ಒಂದು ಭಾನುವಾರ ಅರ್ಧ ಪುಟ ಕೊಟ್ಟು ಈ ಡಬ್ಬದ ಮೇಲಿನ ಪದಗಳನ್ನ ಬಿಡಿಸಿ ಹೇಳಿಸಿ, ಹೈಸ್ಪೀಡ್, ಪ್ರೀಮಿಯಂ, ಅಲ್ಟ್ರಾ, ಸಿಸಿಎ, ವ್ಯಾಟ್ಸ್ ಎಲ್ಲಾ. ಮತ್ತೆ ದುಡ್ಡು ಕೊಟ್ಟು ಹಾಕಿಸಿದ ಬರಹಗಳ ಮೇಲೆ ಜಾಹೀರಾತು ಅನ್ನೋ ಪದಾನ ಓದೋಕಾಗೋ ಸೈಜಲ್ಲಿ ಹಾಕಿ, ಭೂತಗನ್ನಡಿ ಹುಡುಕೋ ಹಂಗೆ ಬೇಡ.

ಅಂದಹಾಗೆ ನನ್ನ ಗೋಲ್ಡ್ ಕೇಬಲ್ ಬಿಸಾಕಿಲ್ಲ. 4ಕೆಗಿಂತ ಕಮ್ಮಿ ಡೇಟಾ ಕೇಳೋ ಹಳೇ 1080ಪಿ ಮಾನಿಟರಿಗೆ ಹಾಕಿದೀನಿ, ಮೇಜಿನ ಹಿಂದೆ ಯಾರಿಗೂ ಕಾಣದ ಕಡೆ ಮಿಂಚ್ತಾ ಕೂತಿದೆ, ಚೆನ್ನಾಗೇ ಕೆಲಸ ಮಾಡ್ತಿದೆ.

ಇಂತಿ,
ನಿಮ್ಮ ಒಬ್ಬ ಓದುಗ